ಗಣಕಯಂತ್ರದ ಪೂರ್ವನಿಗದಿ: ಗಡಿನಾಡ ಶಾಲೆಗೊಂದು ವಿಚಾರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಗಡಿನಾಡ ಕನ್ನಡಿಗರ ಸ್ಥಿತಿಗತಿಯನ್ನು ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯವನ್ನು ನನಗಿಂತ ಬಲ್ಲವರು ಬರೆದೇ ಬರೆಯುತ್ತಾರೆ. ನಾನು ಆರಿಸಿಕೊಂಡಿರುವುದು ಮೇಲುನೋಟಕ್ಕೆ ತೀರ ಸಣ್ಣ ವಿಷಯ. ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಮಗುವೊಂದು ಕುಳಿತು, ಬರೆಯುವುದಕ್ಕೆಂದು ಇರುವ ತಂತ್ರಾಂಶವನ್ನು ತೆರೆದ ಕ್ಷಣದಲ್ಲಿ ಅದರ ಮುಂದೆ ಏನು ಸಿದ್ಧವಾಗಿ ಕಾದಿರಬೇಕು? ಯಾವ ಭಾಷೆ, ಯಾವ ಕೀಲಿಮಣೆ, ಎಷ್ಟು ದೊಡ್ಡ ಅಕ್ಷರ, ಬರೆದದ್ದು ಉಳಿಯುವ ಬಗೆ ಯಾವುದು? ಇವೆಲ್ಲವನ್ನೂ ಯಾರೋ ಒಬ್ಬರು ಮೊದಲೇ ಗೊತ್ತುಮಾಡಿ ಇಟ್ಟಿರುತ್ತಾರೆ. ಆ ಯಾರೋ ಒಬ್ಬರು ನಮ್ಮ ಊರಿನವರಲ್ಲ, ನಮ್ಮ ಮಕ್ಕಳನ್ನು ಕಂಡವರೂ ಅಲ್ಲ.

ಹೀಗೆ ಮೊದಲೇ ಗೊತ್ತುಮಾಡಿಟ್ಟದ್ದಕ್ಕೆ ಗಣಕದವರು ಡೀಫಾಲ್ಟ್ ಎನ್ನುತ್ತಾರೆ. ವಿಚಿತ್ರ ಶಬ್ದ. ಬ್ಯಾಂಕಿನವರ ಬಾಯಲ್ಲಿ ಅದೇ ಶಬ್ದಕ್ಕೆ ಸಾಲದ ಕಂತು ಕಟ್ಟದಿರುವುದೆಂದು ಅರ್ಥ. ನ್ಯಾಯಾಲಯದಲ್ಲಿ ಗೈರುಹಾಜರಿಯೆಂದು ಅರ್ಥ. ಗಣಕದಲ್ಲಿ ನಾವು ಏನನ್ನೂ ಆರಿಸದೆ ಸುಮ್ಮನಿದ್ದರೆ ನಮ್ಮ ಪರವಾಗಿ ತಾನಾಗಿ ನಡೆದುಹೋಗುವ ಆಯ್ಕೆ ಎಂದು ಅರ್ಥ. ಯೋಚಿಸಿ ನೋಡಿದರೆ ಇಲ್ಲಿಯೂ ಒಂದು ಬಗೆಯ ಗೈರುಹಾಜರಿಯೇ ಇದೆ. ನಾನಿದನ್ನು ಪೂರ್ವನಿಗದಿ ಎಂದು ಕರೆಯುತ್ತೇನೆ.

ನಮ್ಮ ಕಡೆಯ ರೈತರಿಗೆ ಪೂರ್ವನಿಗದಿಯನ್ನು ವಿವರಿಸುವ ಅಗತ್ಯವಿಲ್ಲ. ರಾಗಿ ಬಿತ್ತುವ ಕೂರಿಗೆಯಲ್ಲಿ ಕುಳದಿಂದ ಕುಳಕ್ಕೆ ಎಷ್ಟು ಅಂತರವೆಂಬುದನ್ನು ಬಡಗಿ ಮೊದಲೇ ನಿರ್ಧರಿಸಿರುತ್ತಾನೆ. ಬಿತ್ತುವವನು ಹೊಲದಲ್ಲಿ ನಿಂತು ಅದನ್ನು ಬದಲಾಯಿಸಲು ಹೋಗುವುದಿಲ್ಲ. ಬಡಗಿ ಆ ಊರಿನವನಾದುದರಿಂದ ಆ ಮಣ್ಣಿಗೂ ಆ ಬೆಳೆಗೂ ತಕ್ಕ ಅಂತರವನ್ನೇ ಇಟ್ಟಿರುತ್ತಾನೆಂಬ ನಂಬಿಕೆ ಅವನದು. ಬೇರೆ ಸೀಮೆಯ ಬೇರೆ ಬೆಳೆಗೆ ಮಾಡಿದ ಕೂರಿಗೆಯನ್ನು ತಂದು ಕೊಟ್ಟರೆ ಅವನು ಒಂದೇ ಸಾಲಿನಲ್ಲಿ ಗುರುತು ಹಿಡಿದುಬಿಡುತ್ತಾನೆ. ಗಣಕಯಂತ್ರದ ವಿಷಯದಲ್ಲಿ ನಮಗೆ ಆ ಕಣ್ಣು ಇನ್ನೂ ಬಂದಿಲ್ಲ.

ಈ ವಿಚಾರವನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಶಾಲೆಯಲ್ಲಿಯೇ ಓದಿ, ಈಗ ಹೊಸೂರಿನಿಂದ ದಿನವೂ ಬೆಂಗಳೂರಿಗೆ ಹೋಗಿಬಂದು ಉದ್ಯೋಗ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬರು. ಅವರ ಕೆಲಸ ಮೈನ್‌ಫ್ರೇಮ್ ಎಂಬ ಮಹಾಗಣಕಗಳ ಮೇಲೆ. ಈ ಜಾತಿಯ ಯಂತ್ರಗಳು ಮ್ಯೂಸಿಯಂ ಸೇರಿದುವೆಂದು ನಾನು ತಿಳಿದುಕೊಂಡಿದ್ದೆ. ದೊಡ್ಡ ಬ್ಯಾಂಕುಗಳ, ವಿಮಾ ಕಂಪನಿಗಳ ಲೆಕ್ಕಪತ್ರಗಳು ಇಂದಿಗೂ ಇವುಗಳ ಮೇಲೆಯೇ ನಡೆಯುತ್ತಿವೆಯಂತೆ. ಐ.ಬಿ.ಎಂ. ಕಂಪನಿಯು 1964ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಸಿಸ್ಟಂ/360 ಎಂಬ ಯಂತ್ರಕುಟುಂಬದ ವಂಶಸ್ಥರು ಇವು.

ಅವುಗಳಲ್ಲಿ ಒಂದು ಸಾಲಿಗೆ 80 ಅಕ್ಷರಗಳೆಂಬುದು ಬಹುಕಾಲದ ಕಟ್ಟಳೆ. ಏಕೆ 80? 1928ರಲ್ಲಿ ಆ ಕಂಪನಿಯು ತಂದ ರಂಧ್ರಪತ್ರದಲ್ಲಿ, ಎಂದರೆ ತೂತು ಕೊರೆದು ಮಾಹಿತಿ ತುಂಬುವ ರಟ್ಟಿನ ಕಾರ್ಡಿನಲ್ಲಿ, 80 ಕಂಬಸಾಲುಗಳಿದ್ದವು. ಕಾರ್ಡು ಹೋಯಿತು, ಪರದೆ ಬಂತು; 1970ರ ದಶಕದ ಪರದೆಗಳಲ್ಲಿಯೂ 24 ಸಾಲು, ಸಾಲಿಗೆ 80 ಅಕ್ಷರ. ಅಂದು ಕಾರ್ಡಿನ ಅಗಲವನ್ನು ನಿರ್ಧರಿಸಿದ ಮಹನೀಯನಿಗೆ ತಾನು ಮೊಮ್ಮಕ್ಕಳ ಕಾಲದ ಪರದೆಯ ಅಗಲವನ್ನೂ ನಿರ್ಧರಿಸುತ್ತಿದ್ದೇನೆಂಬ ಅರಿವು ಇದ್ದಿರಲಾರದು. ಕಾರ್ಡು ಕೊರೆಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದುದರಿಂದ ಹೆಸರುಗಳನ್ನೆಲ್ಲ ದೊಡ್ಡಕ್ಷರಗಳಲ್ಲಿಯೇ ಬರೆಯುವ ರೂಢಿಯೂ ಮುಂದುವರಿಯಿತು. ಸಂಕೇತಗಳಾದರೋ ಒಟ್ಟು 256. ಅವುಗಳಲ್ಲಿ ಕನ್ನಡಕ್ಕೆ ಎಡೆಯಿರಲಿಲ್ಲ. ರಾಮ ಎಂಬ ಹುಡುಗನೂ ರಮಾ ಎಂಬ ಹುಡುಗಿಯೂ ಆ ಪಟ್ಟಿಯಲ್ಲಿ ಆರ್, ಎ, ಎಂ, ಎ ಎಂಬ ಅವೇ ನಾಲ್ಕು ಅಕ್ಷರಗಳಾಗಿಬಿಡುತ್ತಾರೆ. ಹಾಜರಿ ಪುಸ್ತಕ ಬರೆದ ಯಾವ ಉಪಾಧ್ಯಾಯನಿಗೂ ಇದರ ತೊಡಕು ತಿಳಿಯದ್ದಲ್ಲ.

ಇಷ್ಟು ಕೇಳಿ ನಾನು ಆ ಯಂತ್ರಗಳನ್ನು ಹಳಿಯುವುದಕ್ಕೆ ಹೊರಟಾಗ ಆತ ತಡೆದರು. “ಪೂರ್ತಿ ಕೇಳಿ ಮೇಷ್ಟ್ರೇ, ಅದರಲ್ಲಿ ನಾವು ಕಲಿಯೋದೂ ಇದೆ” ಎಂದರು. ಆ ಮಹಾಗಣಕಗಳಲ್ಲಿ ಬರೆಯಲು, ತಿದ್ದಲು ಬಳಸುವ ಐ.ಎಸ್.ಪಿ.ಎಫ್. ಎಂಬ ಸಂಪಾದಕ ತಂತ್ರಾಂಶವುಂಟು. ಅದರ ಪೂರ್ವನಿಗದಿಗಳಲ್ಲಿ ಕೆಲವು ಬಹಳ ವಿವೇಕದವು. ಮೊದಲನೆಯದಾಗಿ, ಕಡತವೊಂದನ್ನು ತೆರೆದಾಗ ಅದು ಅಲ್ಲಿ ಈಗಾಗಲೇ ಏನು ಬರೆದಿದೆಯೆಂದು ನೋಡುತ್ತದೆ. ಎಲ್ಲವೂ ದೊಡ್ಡಕ್ಷರವಾಗಿದ್ದರೆ ದೊಡ್ಡಕ್ಷರದ ಪದ್ಧತಿಗೆ ಹೊಂದಿಕೊಳ್ಳುತ್ತದೆ. ಚಿಕ್ಕಕ್ಷರಗಳೂ ಇದ್ದರೆ ಆ ಪದ್ಧತಿಯನ್ನು ತಾನೇ ಬಿಟ್ಟುಕೊಟ್ಟು, ಬಿಟ್ಟುಕೊಟ್ಟೆನೆಂದು ತಿಳಿಸುತ್ತದೆ. ಹೊಸ ತರಗತಿಗೆ ಹೋದ ಒಳ್ಳೆಯ ಉಪಾಧ್ಯಾಯನೂ ಹೀಗೆಯೇ ಅಲ್ಲವೆ, ಮೊದಲು ಮಕ್ಕಳ ಹಳೆಯ ನೋಟುಪುಸ್ತಕವನ್ನು ತಿರುವಿ ನೋಡುವುದು? ಎರಡನೆಯದಾಗಿ, ಕೆಲಸ ಮುಗಿಸಿ ಹೊರಬರುವ ಗುಂಡಿಯನ್ನು ಒತ್ತಿದರೆ ಬರೆದದ್ದು ತಾನಾಗಿ ಉಳಿಯುತ್ತದೆ. ಬೇಡವೆಂದಾದರೆ ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಉಳಿಸುವುದು ಸಹಜ, ಕಳೆಯುವುದು ವಿಶೇಷ. ಇನ್ನೂ ಒಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಒಂದೊಂದು ಬಗೆಯ ಬರಹಕ್ಕೆ ಒಂದೊಂದು ಏರ್ಪಾಡನ್ನು ಅದು ನೆನಪಿನಲ್ಲಿಡುತ್ತದೆ. ಅಷ್ಟೇ ಅಲ್ಲ, ಆ ಗಣಕಕೇಂದ್ರದ ಮೇಲ್ವಿಚಾರಕನು ತನ್ನ ಕೇಂದ್ರದ ಎಲ್ಲರಿಗೂ ಅನ್ವಯಿಸುವ ಮಾದರಿ ಏರ್ಪಾಡನ್ನು ತಾನೇ ಸಿದ್ಧಪಡಿಸಿ ಇಡಬಹುದು. ಕಂಪನಿಯು ಅಮೆರಿಕದಲ್ಲಿ ಗೊತ್ತುಮಾಡಿದ್ದೇ ಅಂತಿಮವಲ್ಲ. ಸ್ಥಳದಲ್ಲಿರುವ ಜವಾಬ್ದಾರಿಯುತ ವ್ಯಕ್ತಿಗೆ ಅಧಿಕಾರವುಂಟು.

ನಮ್ಮ ಶಾಲೆಗಳ ಗಣಕಗಳಲ್ಲಿಯೂ ಈ ಅಧಿಕಾರ ಇದ್ದೇ ಇದೆ. ಚಲಾಯಿಸುವವರಿಲ್ಲ.

ಗಡಿಭಾಗದ ಕನ್ನಡ ಶಾಲೆಗಳಿಗೆ ಬರುವ ಯಂತ್ರಗಳಲ್ಲಿ ಕಾರ್ಖಾನೆಗಳೋ ಕಚೇರಿಗಳೋ ಬಳಸಿ ಬಿಟ್ಟ ಹಳೆಯವೂ ಇರುತ್ತವೆ. ದಾನ ಕೊಟ್ಟವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಆ ಯಂತ್ರಗಳು ಗುಮಾಸ್ತೆಯ ಇಂಗ್ಲಿಷ್ ಪತ್ರವ್ಯವಹಾರಕ್ಕೆ ಅಣಿಗೊಂಡಂತೆಯೇ ಬಂದು ಮಕ್ಕಳ ಮುಂದೆ ಕೂರುತ್ತವೆ. ವಿಂಡೋಸ್ ಯಂತ್ರಗಳಲ್ಲಿರುವ ನೋಟ್‌ಪ್ಯಾಡ್ ಎಂಬ ಸರಳ ಬರವಣಿಗೆಯ ಸಾಧನವನ್ನೇ ತೆಗೆದುಕೊಳ್ಳಿ. ಕಡತವನ್ನು ಉಳಿಸುವಾಗ ಯಾವ ಸಂಕೇತಪದ್ಧತಿಯಲ್ಲಿ ಉಳಿಸಬೇಕೆಂಬುದಕ್ಕೆ ಬಹುಕಾಲ ಅದರ ಪೂರ್ವನಿಗದಿಯು ಆನ್ಸಿ ಎಂಬ ಹಳೆಯ ಪದ್ಧತಿಯಾಗಿತ್ತು. ಅದರಲ್ಲಿ ಕನ್ನಡವಿಲ್ಲ. ಮಗು ಕನ್ನಡದಲ್ಲಿ ಒಂದು ಪುಟ ಬರೆದು ಉಳಿಸಲು ಹೋದರೆ, ಕೆಲವು ಅಕ್ಷರಗಳು ನಷ್ಟವಾಗುವುವೆಂದು ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಮೂಡುತ್ತಿತ್ತು. ಐದನೆಯ ತರಗತಿಯ ಮಗು ಅದನ್ನು ಓದಿ ಏನು ತಿಳಿದೀತು? ಸರಿ ಎಂಬ ಗುಂಡಿಯನ್ನು ಒತ್ತುತ್ತದೆ. ಮರುದಿನ ತೆರೆದರೆ ಅಕ್ಷರವಿದ್ದೆಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯಂತ್ರ ಕೆಟ್ಟಿದೆಯೆಂದು ಉಪಾಧ್ಯಾಯರು ಹೇಳುತ್ತಾರೆ, ಯಂತ್ರ ಕೆಟ್ಟಿರುವುದಿಲ್ಲ. ತನಗೆ ಕನ್ನಡ ಟೈಪು ಮಾಡಲು ಬರುವುದಿಲ್ಲವೆಂದು ಮಗು ತಿಳಿಯುತ್ತದೆ, ಅದೂ ನಿಜವಲ್ಲ. ಮಗುವಿನ ಆ ತಿಳಿವಳಿಕೆಯೇ ನನ್ನನ್ನು ಹೆಚ್ಚು ಕಾಡುವುದು. ಇಂಗ್ಲಿಷಿನಲ್ಲಿ ಬರೆದ ಪಕ್ಕದ ಮಗುವಿನ ಪುಟ ಹಾಗೆಯೇ ಇರುತ್ತದಲ್ಲ! ಗಣಕಕ್ಕೆ ಇಂಗ್ಲಿಷ್, ಸ್ಲೇಟಿಗೆ ಕನ್ನಡ ಎಂಬ ಪಾಠವನ್ನು ಯಾವ ಪಠ್ಯಪುಸ್ತಕವೂ ಕಲಿಸದಿದ್ದರೂ ಮಕ್ಕಳು ಕಲಿತುಬಿಡುತ್ತಾರೆ.

2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಲ್ಲಿ ಈ ಪೂರ್ವನಿಗದಿಯನ್ನು ಬದಲಾಯಿಸಿ ಯೂನಿಕೋಡಿನ ಯುಟಿಎಫ್-8 ಪದ್ಧತಿಯನ್ನು ಇಟ್ಟರು. ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 1991ರಲ್ಲಿ. ಸ್ಥಾನ ದೊರೆತು, ಅದು ಆ ಸಣ್ಣ ಸಾಧನದ ಪೂರ್ವನಿಗದಿಯಾಗುವುದಕ್ಕೆ 28 ವರ್ಷ ಬೇಕಾಯಿತು. ಅದಕ್ಕಿಂತ ಹಳೆಯ ಯಂತ್ರವಿರುವ ಶಾಲೆಗೆ ಈಗಲೂ ಆ ಹಳೆಯ ಕಟ್ಟಳೆಯೇ.

ಬರವಣಿಗೆಯ ದೊಡ್ಡ ತಂತ್ರಾಂಶಗಳ ಕಥೆ ಬೇರೆ. ಅವು ಅತಿ ಬುದ್ಧಿವಂತಿಕೆಯಿಂದ ತೊಂದರೆ ಕೊಡುತ್ತವೆ. ವಾಕ್ಯದ ಮೊದಲಕ್ಷರವನ್ನು ತಾವೇ ದೊಡ್ಡಕ್ಷರವಾಗಿಸುವುದು ಅವುಗಳ ಪೂರ್ವನಿಗದಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವೇ ಇಲ್ಲ. ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕೂರಿಸಿದ್ದರಿಂದ, ಈ ತಿದ್ದುಪಡಿಯು ಒಂದು ಅಕ್ಷರಭಾಗವನ್ನು ಕಿತ್ತು ಅಲ್ಲಿಗೆ ಸಂಬಂಧವೇ ಇಲ್ಲದ ಇನ್ನೊಂದನ್ನು ಅಂಟಿಸಿಬಿಡುತ್ತಿತ್ತು. ಆ ಕಾಲದಲ್ಲಿ ಕನ್ನಡ ಟೈಪು ಕಲಿಯುವವರಿಗೆ ಮೊದಲು ಕಲಿಸಬೇಕಾಗಿದ್ದುದು ಈ ತಿದ್ದುಪಡಿಯನ್ನು ನಿಲ್ಲಿಸುವ ಬಗೆಯನ್ನು. ಹಾಗೆ ಬರೆದ ಕಡತಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಗೀಟು, ಬೊಟ್ಟುಗಳನ್ನು ಹೊತ್ತ ಯಾವುದೋ ಪರದೇಶದ ಬರಹದಂತೆ ಕಾಣುತ್ತವೆ. ಶಾಲೆಗಳ ಹಳೆಯ ಪ್ರಶ್ನಪತ್ರಿಕೆಗಳು, ವಾರ್ಷಿಕ ವರದಿಗಳು ಎಷ್ಟೋ ಈ ಸ್ಥಿತಿಯಲ್ಲಿವೆ. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆಂಬುದು ಸಮಾಧಾನದ ಸಂಗತಿ.

ಇನ್ನು ಸಾಲುಗಳ ಅಂತರ. ಇದನ್ನು ಯಾರೂ ಗಮನಿಸುವುದಿಲ್ಲವಾದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ನಮ್ಮ ಕಾಲದಲ್ಲಿ ಇಂಗ್ಲಿಷಿಗೆ ನಾಲ್ಕು ಗೆರೆಯ ಕಾಪಿ ಪುಸ್ತಕ, ಕನ್ನಡಕ್ಕೆ ಎರಡು ಗೆರೆಯದು. ಒಂದರಲ್ಲಿ ಇನ್ನೊಂದನ್ನು ಬರೆದರೆ ಪೆಟ್ಟು ಬೀಳುತ್ತಿತ್ತು. ಅದಕ್ಕೆ ಕಾರಣವಿತ್ತು. ಕನ್ನಡದ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’, ‘ಸ್ತ್ರೀ’ ಮೊದಲಾದ ಶಬ್ದಗಳಲ್ಲಿ ಒಂದಲ್ಲ, ಎರಡು ಒತ್ತುಗಳು. ಇಂಗ್ಲಿಷಿಗೆಂದು ಗೊತ್ತುಮಾಡಿದ ಗಾತ್ರದಲ್ಲಿ ಮತ್ತು ಇಕ್ಕಟ್ಟಾದ ಸಾಲಿನ ಅಂತರದಲ್ಲಿ ಕನ್ನಡವನ್ನು ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒತ್ತು ಯಾವುದೆಂದು ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ. ತಪ್ಪಾಗಿ ಕಂಡದ್ದನ್ನು ತಪ್ಪಾಗಿಯೇ ಬರೆಯುತ್ತಾರೆ. ಹಾಗೆಯೇ, ಎಲ್ಲ ಅಕ್ಷರಗಳಿಗೂ ಒಂದೇ ಅಗಲದ ಚೌಕವೆಂಬ ಹಳೆಯ ಪರದೆಯ ಕಟ್ಟಳೆ ನಮ್ಮ ಲಿಪಿಗೆ ಹೊಂದುವುದಿಲ್ಲ. ‘ರ’ಕ್ಕೆ ಬೇಕಾದ ಜಾಗವೇ ‘ಮೌ’ಗೂ ಸಾಕೆಂದರೆ ಹೇಗೆ? ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಪಾಶ್ಚಾತ್ಯ ಲಿಪಿಗಳಿಗೆ ಒಂದು ಏರ್ಪಾಡು, ನಮ್ಮಂಥ ಸಂಕೀರ್ಣ ಲಿಪಿಗಳಿಗೆ ಬೇರೊಂದು ಏರ್ಪಾಡು ಇವೆ. ಮೊದಲನೆಯದನ್ನು ಬದಲಾಯಿಸಿ, ಕನ್ನಡ ಬದಲಾಗಲಿಲ್ಲವೆಂದು ಬೇಸರಪಟ್ಟವರನ್ನು ಕಂಡಿದ್ದೇನೆ. ಎರಡನೆಯದರಲ್ಲಿ ಕನ್ನಡವನ್ನೂ ಕನ್ನಡದ ಫಾಂಟನ್ನೂ ಒಮ್ಮೆ ನಿಗದಿಪಡಿಸಿದರೆ ಮುಗಿಯಿತು.

ಕೀಲಿಮಣೆಯ ವಿಷಯಕ್ಕೆ ಬಂದಾಗ ವಾದವಿವಾದ ತಪ್ಪದು. ವಿಂಡೋಸಿನಲ್ಲಿ ಕನ್ನಡವನ್ನು ಸೇರಿಸಿದರೆ ಮೊದಲಿನಿಂದಲೂ ಎದುರಾಗುತ್ತಿದ್ದುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಭಾರತದ ಲಿಪಿಗಳಿಗೆಲ್ಲ ಸಾಮಾನ್ಯವಾದ ಕ್ರಮವೆಂಬುದು ಅದರ ಹೆಗ್ಗಳಿಕೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಇಂಗ್ಲಿಷ್ ಕೀಲಿಯ ಧ್ವನಿಯನ್ನು ಅನುಸರಿಸುತ್ತದೆ, ಕೆ ಕೀಲಿಗೆ ‘ಕ’, ಟಿ ಕೀಲಿಗೆ ‘ತ’, ಎರಡನ್ನೂ ಬೆಸೆಯಲು ನಡುವೆ ಎಫ್, ‘ಕ್ತ’ ಸಿದ್ಧವಾಗುತ್ತದೆ. ಕರ್ನಾಟಕ ಸರ್ಕಾರವು ಮಾನ್ಯ ಮಾಡಿದ್ದು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಇದೇ ವಿನ್ಯಾಸ. ಇನ್‌ಸ್ಕ್ರಿಪ್ಟ್ ಪಕ್ಷದವರ ವಾದವನ್ನು ಗೌರವಿಸುತ್ತೇನೆ. ಆದರೂ ನಮ್ಮ ಮಕ್ಕಳಿಗೆ ಕೆ.ಪಿ. ರಾವ್ ವಿನ್ಯಾಸವನ್ನೇ ಪೂರ್ವನಿಗದಿಯಾಗಿ ಇಡಬೇಕೆಂಬುದು ನನ್ನ ಅಭಿಮತ. ಅಚ್ಚಾದ ಕೀಲಿಗಳ ಮೇಲೆ ಕನ್ನಡ ಅಕ್ಷರವಿಲ್ಲ, ಇಂಗ್ಲಿಷ್ ಅಕ್ಷರವಿದೆ; ಧ್ವನಿಯ ಸಾಮ್ಯವಿದ್ದರೆ ಮಗು ಮೊದಲ ದಿನವೇ ತನ್ನ ಹೆಸರನ್ನು ಬರೆಯುತ್ತದೆ. ಮುಂದೆ ಗಡಿಯಾಚೆ ಉದ್ಯೋಗಕ್ಕೆ ಹೋದರೂ ಅಲ್ಲಿನ ಕಚೇರಿಗಳಲ್ಲಿ ಅದೇ ಪದ್ಧತಿ ಸಿಗುತ್ತದೆ.

ಈ ಮಾತಿನಲ್ಲಿ ತಮಿಳನ್ನು ಹೊರಗಿಡುವ ಉದ್ದೇಶವನ್ನು ಯಾರೂ ಕಾಣಬಾರದು. 1956ರ ಭಾಷಾವಾರು ಪುನರ್ವಿಂಗಡಣೆಯಲ್ಲಿಯೂ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಮನೆ ಬದಲಿಸದೆಯೇ ಮೂರು ಜಿಲ್ಲೆಗಳ ವಾಸಿಗಳಾದವರು ನಾವು. 2006ರ ಕಾಯ್ದೆಯ ಅನ್ವಯ ನಮ್ಮ ಮಕ್ಕಳು ತಮಿಳನ್ನು ಕಲಿಯುತ್ತಾರೆ. ಕಲಿಯಲಿ, ಬಾಳಿಗೆ ಬೇಕಾದ ಭಾಷೆ. ಪೂರ್ವನಿಗದಿಯ ವಿಷಯದಲ್ಲಂತೂ ತಮಿಳರಿಂದ ನಾವು ಕಲಿಯಬೇಕಾದದ್ದಿದೆ. 1999ರಲ್ಲಿ ಚೆನ್ನೈನಲ್ಲಿ ವಿದ್ವಾಂಸರನ್ನೂ ತಂತ್ರಜ್ಞರನ್ನೂ ಕೂಡಿಸಿ ಸಮ್ಮೇಳನ ನಡೆಸಿ ತಮಿಳ್99 ಎಂಬ ಕೀಲಿಮಣೆಯನ್ನು ಆ ಸರ್ಕಾರವು ಗೊತ್ತುಮಾಡಿತು. ವಿಂಡೋಸ್ 2000 ಹೊರಬಂದಾಗ ಅದರಲ್ಲಿ ತಮಿಳು ಲಿಪಿಗೆ ಆಸರೆಯಿತ್ತು; ಕನ್ನಡವು 2001ರ ಎಕ್ಸ್‌ಪಿ ಆವೃತ್ತಿಯವರೆಗೆ ಕಾಯಬೇಕಾಯಿತು. ಆದುದರಿಂದ ನಮ್ಮ ಶಾಲೆಯ ಪ್ರತಿ ಯಂತ್ರದಲ್ಲಿಯೂ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಇರಲಿ; ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುವಂತಿರಲಿ. ತೆರೆದೊಡನೆ ಎದುರಾಗುವುದು ಮಾತ್ರ ಕನ್ನಡವಾಗಿರಲಿ. ಇದು ಕನ್ನಡ ಶಾಲೆ.

ಕಾಸರಗೋಡಿನ ನಮ್ಮ ಬಂಧುಗಳ ಉದಾಹರಣೆಯನ್ನು ನೋಡಬಹುದು. ಕೇರಳ ಸರ್ಕಾರವು 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಮುಕ್ತ ತಂತ್ರಾಂಶಗಳ ಒಂದು ಕಟ್ಟನ್ನು ಸಿದ್ಧಪಡಿಸಿ, ಎಲ್ಲ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಅದನ್ನೇ ಕೊಡುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಠ್ಯವೂ ಕನ್ನಡದಲ್ಲಿಯೇ ಉಂಟು. ಅಲ್ಲಿಯ ಕನ್ನಡಿಗರ ಅಹವಾಲುಗಳೂ ಬಹಳವಿವೆ, ನಾನು ಬಲ್ಲೆ. ಆದರೆ ಶಾಲೆಗೆ ತಕ್ಕ ಪೂರ್ವನಿಗದಿಯನ್ನು ಶಾಲೆಯ ವ್ಯವಸ್ಥೆಯೇ ಮಾಡಬೇಕು, ಯಂತ್ರ ಮಾರಿದವನಲ್ಲ ಎಂಬ ತತ್ತ್ವವನ್ನು ಅವರು ಒಪ್ಪಿ ನಡೆಸಿದ್ದಾರೆ.

ಮಕ್ಕಳು ಬುದ್ಧಿವಂತರು, ಬೇಕಾದುದನ್ನು ತಾವೇ ಬದಲಾಯಿಸಿಕೊಳ್ಳುತ್ತಾರೆ, ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. ಮನೆಯಲ್ಲಿ ಸ್ವಂತ ಗಣಕವಿರುವ ಮಗುವಿನ ಮಟ್ಟಿಗೆ ಅದು ನಿಜವಿರಬಹುದು. ತಳಿ, ಅಂಚೆಟ್ಟಿ, ಬೇರಿಕೆಯ ಸುತ್ತಿನ ಹಳ್ಳಿಗಳಿಂದ ಬಸ್ಸು ಹಿಡಿದು ಬಂದು, ಒಂದು ಯಂತ್ರಕ್ಕೆ ಮೂವರಂತೆ ಕುಳಿತು, ವಾರಕ್ಕೊಂದು ಪಿರಿಯಡ್ಡಿನಲ್ಲಿ ತನ್ನ ಸರದಿಗೆ ಕಾಯುವ ಮಗುವಿಗೆ ಸಿಗುವುದು ಹತ್ತೋ ಹದಿನೈದೋ ನಿಮಿಷ. ಅಷ್ಟರಲ್ಲಿ ಭಾಷೆ ಬದಲಾಯಿಸುವ ಸ್ಥಳವನ್ನು ಹುಡುಕುತ್ತ ಕುಳಿತರೆ ಬರೆಯುವುದು ಯಾವಾಗ? ಆ ಹೊತ್ತಿಗೆ ಸರಿಯಾಗಿ ವಿದ್ಯುತ್ ಹೋದರಂತೂ ಮುಗಿಯಿತು. ಆದಕಾರಣ ಕೆಲವು ನಿಮಿಷಗಳಿಗೊಮ್ಮೆ ಬರಹವು ತಾನಾಗಿ ಉಳಿಯುವ ಏರ್ಪಾಡು ಮಿಕ್ಕ ಎಲ್ಲಕ್ಕಿಂತ ಮೊದಲು ಆಗಬೇಕು. ಈ ಒಂದು ವಿಷಯದಲ್ಲಿ ಮಕ್ಕಳಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡುವುದಕ್ಕೂ ನಾನು ಸಿದ್ಧನಿಲ್ಲ. ಉಳಿದವನ್ನು ಅವರು ಬದಲಾಯಿಸಿಕೊಳ್ಳಲಿ. ಬದಲಾಯಿಸುವ ಬಗೆಯನ್ನು ಮೂರು ಭಾಷೆಗಳಲ್ಲಿ ಬರೆದು ಕೊಠಡಿಯ ಗೋಡೆಗೆ ಅಂಟಿಸೋಣ.

ಇದಕ್ಕೆ ಹಣ ಬೇಕಾಗಿಲ್ಲ. ನುಡಿ ಉಚಿತ, ಲಿಬ್ರೆ ಆಫೀಸ್ ಉಚಿತ, ಯೂನಿಕೋಡ್ ಕನ್ನಡ ಫಾಂಟುಗಳು ಉಚಿತ. ಒಂದು ಯಂತ್ರಕ್ಕೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸವೆಂದು ನಮ್ಮ ಹಳೆಯ ವಿದ್ಯಾರ್ಥಿ ಹೇಳುತ್ತಾರೆ. ಬೇಸಿಗೆ ರಜೆಯ ಯಾವುದಾದರೂ ಎರಡು ಶನಿವಾರ ತಾವೇ ಬಂದು ಎಲ್ಲ ಯಂತ್ರಗಳನ್ನೂ ಅಣಿಮಾಡಿ, ಮಾಡಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ಹೋಗುವುದಾಗಿಯೂ ಒಪ್ಪಿದ್ದಾರೆ. ಹೊಸ ಯಂತ್ರ ಬಂದಾಗ ಆ ಪುಸ್ತಕವನ್ನು ನೋಡಿಕೊಂಡು ಮುಂದಿನವರು ಮಾಡಬಹುದು. ಅವರು ಕೇಳಿರುವುದು ಎರಡೇ: ಆ ದಿನಗಳಲ್ಲಿ ಬೀಗದ ಕೈಯೊಡನೆ ಒಬ್ಬರು ಉಪಾಧ್ಯಾಯರು ಜೊತೆಗಿರಬೇಕು, ಮತ್ತು ಮೊದಲನೆಯ ಯಂತ್ರವು ಸಿದ್ಧವಾದೊಡನೆ ಐದನೆಯ ತರಗತಿಯ ಮಗುವೊಂದನ್ನು ಅದರ ಮುಂದೆ ಕೂರಿಸಿ, ಏನನ್ನೂ ಹೇಳಿಕೊಡದೆ, ಅದು ಏನು ಮಾಡುತ್ತದೆಂದು ನೋಡಲು ಬಿಡಬೇಕು. ಕಾರ್ಯಕಾರಿ ಸಮಿತಿಯವರು ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ದಿನ ಗೊತ್ತುಮಾಡಿದರೆ ಮಗುವನ್ನು ಕರೆತರುವ ಹೊಣೆಯನ್ನು ನಾನು ಹೊರುತ್ತೇನೆ.